ಯಾರಂವ ಸದರಿ?

ಗುರುತಿಲ್ಲದ ಮನುಷ್ಯ ಬಾಗಿಲಿಗೆ ಬಂದು ನಕ್ಕನೆಂದರೆ ಅವನಿಗೆ ನೀರು ಬೇಕಾಗಿರುವುದಿಲ್ಲ, ಸಹಿ ಬೇಕಾಗಿರುತ್ತದೆ. ಎಪ್ಪತ್ತಾರು ವರ್ಷ ಬದುಕಿ ನಾನು ಕಲಿತ ದೊಡ್ಡ ವಿದ್ಯೆ ಇದೊಂದೇ. ಉಳಿದ ವಿದ್ಯೆ ನನ್ನಲ್ಲಿ ಕಡಿಮೆ. ಅಕ್ಷರ ಕಲಿತದ್ದೇ ಐವತ್ತು ದಾಟಿದ ಮೇಲೆ. ಈಗಲೂ ಒಂದು ಸಾಲಿನಲ್ಲಿ ಎರಡು ಒತ್ತಕ್ಷರ ಒಟ್ಟಿಗೆ ಬಂದರೆ, ಹಳ್ಳಕ್ಕೆ ಬಂದ ಎಮ್ಮೆಯ ಹಾಗೆ ಸ್ವಲ್ಪ ಹೊತ್ತು ನಿಂತು ನೋಡಿ ಆಮೇಲೆ ದಾಟುತ್ತೇನೆ. ಆದರೆ ಮನುಷ್ಯನ ಮುಖದ ಮೇಲಿನ ನಗೆ ಓದಲು ನನಗೆ ಕನ್ನಡಕವೂ ಬೇಡ. ಹೋದ ವರ್ಷ ಒಬ್ಬ ಅಂಗೈಯಷ್ಟು ಮಷೀನು ಹಿಡಿದುಕೊಂಡು ಬಂದ. ನಕ್ಕ. ‘ಆಯಿ, ನಿಮ್ಮ ಪಿಂಚಣಿ ನಿಂತೈತ್ರಿ, ಇದರ ಮ್ಯಾಲ ಒಂದ ಸಲ ಹೆಬ್ಬಟ್ಟ ಒತ್ತರಿ’ ಎಂದ. ‘ನನ್ನ ಹೆಬ್ಬಟ್ಟ ಗೋಕಾಕಕ್ಕ ಹೋಗೇತಿ ತಮ್ಮಾ, ಬಂದ ಮ್ಯಾಲ ಹೇಳಿ ಕಳಸ್ತೇನಿ’ ಎಂದು ಬಾಗಿಲು ಹಾಕಿಕೊಂಡೆ. ಪಿಂಚಣಿ ನಿಂತಿರಲಿಲ್ಲ. ಅವನೂ ಮತ್ತೆ ಬರಲಿಲ್ಲ.

ಈ ಸಂಶಯ ನನಗೆ ಹುಟ್ಟಿನಿಂದ ಬಂದದ್ದಲ್ಲ, ಪಂಚಾಯತಿಯಿಂದ ಬಂದದ್ದು. ನಮ್ಮ ಊರು ಹುಕ್ಕೇರಿ ತಾಲೂಕಿನಲ್ಲಿದೆ, ಗೋಕಾಕದ ಕಡೆಗೆ ಮುಖ ಮಾಡಿಕೊಂಡು. ಒಂದು ಸಲ ನಮ್ಮ ವಾರ್ಡು ಹೆಂಗಸರ ಪಾಲಿಗೆ ಬಂತು. ಓಣಿಯ ದೊಡ್ಡವರೆಲ್ಲ ತಮ್ಮ ತಮ್ಮ ಹೆಂಡತಿಯನ್ನು ನಿಲ್ಲಿಸಲು ಜಗಳಾಡಿ, ಯಾರೂ ಸೋಲದೆ, ಕೊನೆಗೆ ಯಾರ ಹೆಂಡತಿಯೂ ಬೇಡ ಎಂದು ಗಂಡ ಸತ್ತ ನನ್ನನ್ನು ನಿಲ್ಲಿಸಿದರು. ಐದು ವರ್ಷ ಮೆಂಬರಳಾಗಿದ್ದೆ. ಅಧಿಕಾರ ಹೋಗಿ ಹದಿನೈದು ವರ್ಷವಾದರೂ ಊರಿಗೆಲ್ಲ ನಾನು ಮೆಂಬರಾಯಿಯೇ. ನನ್ನ ಹೆಸರು ಗೌರವ್ವ ಎಂಬುದು ನನಗೂ, ನನ್ನ ಸಹಿಗೂ ಮಾತ್ರ ನೆನಪಿದೆ.

ಪಂಚಾಯತಿಗೆ ಹೋದ ಹೊಸತರಲ್ಲಿ ನನ್ನನ್ನು ಬಹಳ ಕಾಡಿದವನು ಸದರಿ. ಕಾರ್ಯದರ್ಶಿ ಠರಾವು ಓದುವಾಗ ನಾನು ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದೆ. ಸದರಿಯವರ ಅರ್ಜಿ ಪರಿಶೀಲಿಸಲಾಯಿತು. ಸದರಿಯವರಿಗೆ ಮನೆ ಮಂಜೂರು ಮಾಡಲಾಯಿತು. ಮುಂದಿನ ತಿಂಗಳು ಸದರಿಯವರಿಗೆ ನಳ. ಅದರ ಮುಂದಿನ ತಿಂಗಳು ಸದರಿಯವರಿಗೆ ದನದ ಕೊಟ್ಟಿಗೆ. ನಾನು ನಮ್ಮ ವಾರ್ಡಿನ ಮೂರು ಓಣಿ ತಿರುಗಿ ವಿಚಾರಿಸಿದೆ, ಆ ಹೆಸರಿನವನು ಒಬ್ಬನೂ ಸಿಗಲಿಲ್ಲ. ನಾಲ್ಕು ತಿಂಗಳು ತಡೆದೆ. ಐದನೆಯ ತಿಂಗಳು ಊರ ಮಂದಿಯೆಲ್ಲ ಕೂಡಿದ ಗ್ರಾಮಸಭೆಯಲ್ಲಿ ಎದ್ದು ನಿಂತೆ. ‘ಯಾರಂವ ಸದರಿ? ಮನಿ ಅವಗ, ನಳ ಅವಗ, ಕೊಟ್ಟಿಗಿ ಅವಗ. ಉಳದಾವ್ರು ಈ ಊರಾಗ ಬದುಕೂದ ಬ್ಯಾಡೇನು? ಎದ್ದ ನಿಲ್ಲಸರಿ ಅವನ್ನ, ಮಾರಿ ನೋಡೂಣು’ ಎಂದೆ. ಮಂದಿ ನಕ್ಕರು ನೋಡಿ, ಚಾವಡಿಯ ತಗಡು ಹಾರುವ ಹಾಗೆ. ಎಲ್ಲರಿಗಿಂತ ಜೋರಾಗಿ, ಎಲ್ಲರೂ ನಿಲ್ಲಿಸಿದ ಮೇಲೂ ನಕ್ಕವಳು ನಮ್ಮ ಎದುರು ಮನೆಯ ಶಾಂತಕ್ಕ. ಆಗ ಅವಳು ಅಂಗನವಾಡಿಯಲ್ಲಿ ಕೆಲಸಕ್ಕಿದ್ದಳು.

ಕಾರ್ಯದರ್ಶಿ ಸಮಾಧಾನದ ಮನುಷ್ಯ. ‘ಮೆಂಬರ್ರ, ಸದರಿ ಅಂದ್ರ ಮ್ಯಾಲ ಹೇಳಿದಂವ್ರಿ’ ಎಂದ. ನನಗೆ ಸಂಶಯ ಇನ್ನೂ ಗಟ್ಟಿಯಾಯಿತು. ಮೇಲಿನಿಂದ ಹೇಳಿಸಿಕೊಂಡು ಬಂದವನೆಂದರೆ ದೊಡ್ಡ ಕುಳವೇ ಇರಬೇಕು, ಅದಕ್ಕೇ ಎಲ್ಲ ಅವನಿಗೇ ಸಿಗುತ್ತದೆ ಎಂದುಕೊಂಡೆ. ಮೇಲೆ ಎಂದರೆ ಬೆಳಗಾವಿ ಅಲ್ಲ, ಕಾಗದದ ಮೇಲ್ಗಡೆ ಬರೆದಿರುವ ಹೆಸರು ಎಂದು ತಲೆಗೆ ಹೋಗಲು ಮತ್ತೆರಡು ತಿಂಗಳು ಹಿಡಿಯಿತು. ಅವತ್ತಿನಿಂದ ಎರಡು ನಿಯಮ ಮಾಡಿಕೊಂಡೆ. ಎಲ್ಲಿ ಸದರಿ ಬಂದರೂ ಬೆರಳನ್ನು ಅಲ್ಲೇ ಬಿಡದೆ ಮೇಲಕ್ಕೆ ಹತ್ತಿಸಿ ಹೆಸರು ಹುಡುಕುವುದು. ಯಾವ ಕಾಗದವನ್ನಾದರೂ ಮೇಲಿನಿಂದ, ಮೂರು ಸಲ, ಮೂವರ ಬಾಯಿಂದ ಓದಿಸಿದ ಮೇಲೆಯೇ ಸಹಿ ಹಾಕುವುದು. ಕಾರ್ಯದರ್ಶಿ ನನ್ನ ವಾರ್ಡಿನ ಕಾಗದ ಬಂದರೆ ಊಟದ ಡಬ್ಬಿ ಮನೆಯಿಂದ ತರಿಸಿಕೊಂಡು, ಸಂಜೆಗೇ ಬರುತ್ತೇನೆಂದು ಹೇಳಿ ಕಳಿಸುತ್ತಿದ್ದ.

ಶಾಂತಕ್ಕನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮುಂದಿನ ಗ್ರಾಮಸಭೆಯಲ್ಲಿ ಅಂಗನವಾಡಿಯ ಮಾತು ಬಂತು. ನಾನು ಎದ್ದು, ‘ಅಲ್ಲಿ ಉಪ್ಪಿಟ್ಟಿನಾಗ ರವಾಕ್ಕಿಂತ ನೀರ ಹೆಚ್ಚೈತಿ, ಹುಡುಗ್ರು ತಿನ್ನೂದಿಲ್ಲ, ಕುಡಿತಾವು’ ಎಂದೆ. ನಕ್ಕಿದ್ದಕ್ಕೆ ಸೇಡು ತೀರಿಸಿಕೊಂಡಳು ಎಂದು ಊರು ಮಾತಾಡಿತು. ಸೇಡು ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ನೀರು ಖರೆ ಇತ್ತು. ಅವತ್ತಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ನಡುವೆ ಎತ್ತಿನ ಗಾಡಿಯಷ್ಟು ಅಗಲದ ಓಣಿ, ಆಚೆ ಅವಳ ಕಟ್ಟೆ, ಈಚೆ ನನ್ನ ಕಟ್ಟೆ. ಅವಳು ಪೇಪರು ಓದುತ್ತಾಳೆ, ನಾನು ಕಾಳು ಹಸನು ಮಾಡುತ್ತೇನೆ. ಇಪ್ಪತ್ತು ವರ್ಷ.

ಈಗ ಬೇಬಿಯ ವಿಷಯ. ನಮ್ಮ ಬಾಜೂ ಮನೆ ಟೇಲರ್ ಬಾಳುವಿನದು, ಗೋಡೆಗೆ ಗೋಡೆ ಹತ್ತಿದೆ. ಅವರು ಜೈನರು, ನಾವು ಲಿಂಗಾಯತರು. ಅವರು ಸಂಜೆಗೆ ಹೊತ್ತು ಮುಳುಗುವ ಮುಂಚೆ ಉಂಡು ಮುಗಿಸುತ್ತಾರೆ, ನಮ್ಮ ಒಲೆ ಆಮೇಲೆ ಹತ್ತುತ್ತದೆ. ಇಷ್ಟು ಬಿಟ್ಟರೆ ಎರಡು ಮನೆಗೂ ಫರಕಿಲ್ಲ. ಬೇಬಿ ಬಾಳುವಿನ ಒಬ್ಬಳೇ ಮಗಳು. ವಕೀಲಿಕೆ ಓದಿ ಹುಕ್ಕೇರಿ ಕೋರ್ಟಿಗೆ ದಿನಾ ಬಸ್ಸಿಗೆ ಹೋಗಿಬರುತ್ತಾಳೆ. ಅದರ ಜೊತೆಗೆ ಜಡ್ಜ್ ಪರೀಕ್ಷೆ ಕಟ್ಟುತ್ತಿದ್ದಳು. ಎರಡು ಸಲ ಸ್ವಲ್ಪದರಲ್ಲಿ ತಪ್ಪಿತು. ಮೂರನೆಯ ಸಲ ಬರೆದದ್ದೂ ಆಯಿತು, ಸಾಹೇಬರ ಮುಂದೆ ಬಾಯಿಮಾತಿನ ಪರೀಕ್ಷೆಯೂ ಆಯಿತು, ಯಾದಿಯಲ್ಲಿ ಹೆಸರೂ ಬಂತು. ಈ ಸಲ ತಪ್ಪಿದರೆ ಮತ್ತೆ ಬರೆಯಲು ವಯಸ್ಸು ದಾಟುತ್ತದೆ ಎಂದು ಹೇಳಿದ್ದಳು. ಅಂದರೆ ಇದು ಕೊನೆಯ ಬಸ್ಸು.

ಪರೀಕ್ಷೆ ಪಾಸಾದ ಮೇಲೆ ಜಡ್ಜ್ ಮಾಡಿಬಿಡುತ್ತಾರೆ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಇವಳ ನಡತೆ ಒಳ್ಳೆಯದು ಎಂದು ಇಬ್ಬರು ಜವಾಬ್ದಾರಿಯ ಮನುಷ್ಯರು ಬರೆದುಕೊಡಬೇಕು. ಆ ಇಬ್ಬರಲ್ಲಿ ಯಾರೂ ಸಂಬಂಧಿಕರು ಆಗಿರಬಾರದು. ಆಮೇಲೆ ಪೊಲೀಸರು ಬಂದು ಆ ಇಬ್ಬರನ್ನು ಖುದ್ದು ಕೇಳಬೇಕು. ಇದನ್ನು ಕೇಳಿ ಸರಕಾರದ ಮೇಲೆ ನನಗೆ ಮೊದಲ ಸಲ ಗೌರವ ಬಂತು. ಯಾಕೆಂದರೆ ನಡತೆ ಬರೆದುಕೊಡುವುದು ಎಂಥ ಹಗುರ ಕೆಲಸ ಎಂದು ನಾನು ಕಂಡಿದ್ದೇನೆ. ನನ್ನ ಮೂವರು ಮಕ್ಕಳ ಸಾಲಿ ಬಿಟ್ಟ ದಾಖಲೆಗಳು ಇನ್ನೂ ಟ್ರಂಕಿನಲ್ಲಿವೆ. ಮೂರರಲ್ಲೂ ‘ನಡತೆ: ಉತ್ತಮ’ ಎಂದೇ ಇದೆ. ನಮ್ಮ ಹಿರಿಯವನು ಹೆಡ್‌ಮಾಸ್ತರರ ಸೈಕಲ್ಲಿನ ಗಾಳಿಯನ್ನು ಒಂದು ಮಳೆಗಾಲ ಪೂರ್ತಿ ದಿನಾ ಬಿಟ್ಟವನು. ಅವನ ದಾಖಲೆಗೆ ಸಹಿ ಹಾಕಿದವರು ಅದೇ ಮಾಸ್ತರರು.

ಒಬ್ಬರು ಜವಾಬ್ದಾರಿಯ ಮನುಷ್ಯರು ಮೂಡಲಗಿಯಲ್ಲಿ ಸಿಕ್ಕರು, ಬೇಬಿಗೆ ಕಲಿಸಿದ ಪ್ರೊಫೆಸರರು. ಇನ್ನೊಬ್ಬರು ಊರಿನವರೇ ಬೇಕು. ಊರಲ್ಲಿ ಅಧ್ಯಕ್ಷ ಅವಳ ಸೋದರಮಾವನ ಬೀಗ, ಸೊಸೈಟಿ ಚೇರ್ಮನ್ ಚಿಕ್ಕಪ್ಪ, ಹೆಡ್‌ಮಾಸ್ತರ ಅವಳ ಅತ್ತೆಯ ಮಗ. ಹುಡುಕಿ ಹುಡುಕಿ, ಸಂಬಂಧ ಇಲ್ಲದ ಒಂದೇ ಜವಾಬ್ದಾರಿ ಉಳಿದದ್ದು ಮಾಜಿ ಮೆಂಬರಳಾದ ನಾನು. ಒಂದು ಮುಂಜಾನೆ ಬೇಬಿ ಕರಿಕೋಟು ತೋಳಿಗೆ ಹಾಕಿಕೊಂಡು, ಕೈಯಲ್ಲಿ ಕಾಗದ ಹಿಡಿದು ನಮ್ಮ ಕಟ್ಟೆ ಹತ್ತಿದಳು. ನಕ್ಕಳು. ಆಗಲೇ ನಾನು ಎಚ್ಚರಾಗಬೇಕಿತ್ತು.

‘ಓದು’ ಎಂದೆ. ‘ಸದರಿಯವರನ್ನು ನಾನು ಬಾಲ್ಯದಿಂದಲೂ ಬಲ್ಲೆನು. ಸದರಿಯವರ ನಡತೆಯು ಉತ್ತಮವಾಗಿರುತ್ತದೆ’ ಎಂದು ಓದಿದಳು.

‘ಮ್ಯಾಲಿಂದ ಓದು.’

‘ಮ್ಯಾಲ ಬರೇ ಹೆಸರ ಐತಿ ಆಯಿ. ನನ್ನ ಹೆಸರ ನಿನಗ ಗೊತ್ತಿಲ್ಲೇನು? ಬಸ್ಸ ಬಂತ ನೋಡು.’

ಬಸ್ಸು ಖರೆ ಬಂದಿತ್ತು, ಊರಬಾಗಿಲ ಅಗಸೆಯ ಹತ್ತಿರ ಹಾರ್ನು ಹೊಡೆಯುತ್ತಿತ್ತು. ಹೆಸರು ಗೊತ್ತಿಲ್ಲದೆ ಏನು, ತೊಟ್ಟಿಲಲ್ಲಿದ್ದಾಗಿನಿಂದ ಕರೆದಿದ್ದೇನೆ. ಇಪ್ಪತ್ತು ವರ್ಷದ ನಿಯಮ ಮುರಿದು, ಒಂದೇ ಸಲ, ಒಂದೇ ಬಾಯಿಂದ, ಅದೂ ನಡುವಿನಿಂದ ಓದಿಸಿಕೊಂಡು ಸಹಿ ಹಾಕಿದೆ. ‘ಕೇಳಾಕ ಯಾರರೆ ಬರಬಹುದು ಆಯಿ, ನಿನಗ ಗೊತ್ತಿದ್ದದ್ದನ್ನ ಹೇಳು’ ಎಂದು ಓಡಿದಳು.

ಹದಿನೈದು ದಿನ ನಾನು ತಯಾರಾಗಿ ಕುಳಿತೆ. ಬೇಬಿಯ ಬಗ್ಗೆ ಯಾರು ಕೇಳಲು ಬಂದರೂ ಏನು ಹೇಳಬೇಕು, ಏನು ಹೇಳಬಾರದು ಎಂದು ಕಾಳಿನ ಜೊತೆ ಅದನ್ನೂ ಹಸನು ಮಾಡಿಕೊಂಡೆ. ಒಂದು ಮಧ್ಯಾಹ್ನ ಬೇಬಿ ಕೋರ್ಟಿಗೆ ಹೋಗಿದ್ದಳು, ಬಾಳು ಅಸ್ತರ್ ಬಟ್ಟೆ ತರಲು ಹೆಂಡತಿಯನ್ನು ಕರೆದುಕೊಂಡು ಗೋಕಾಕಕ್ಕೆ ಹೋಗಿದ್ದ. ಗೆರೆ ಗೆರೆ ಅಂಗಿಯ ಒಬ್ಬ ಮನುಷ್ಯ ಮೋಟಾರ್ ಸೈಕಲ್ ನಿಲ್ಲಿಸಿ, ಬಗಲಲ್ಲಿ ಫೈಲು ಇಟ್ಟುಕೊಂಡು ಬಂದ. ನಕ್ಕ.

‘ಗೌರವ್ವ ಅಂದ್ರ ನೀವ ಏನ್ರಿ ಆಯಿ?’

‘ಯಾರ ಹೇಳಿದ್ರ?’

‘ಕಾಗದದಾಗ ಐತ್ರಿ.’

‘ಕಾಗದದಾಗ ಏನ ಬೇಕಾದ್ದ ಇರತೈತಿ.’

ತಾನು ಠಾಣೆಯ ಹವಾಲ್ದಾರ, ವಿಚಾರಣೆಗೆ ಬಂದಿದ್ದೇನೆ ಎಂದ. ‘ಪೊಲೀಸ್ರು ಖಾಕಿ ಹಾಕ್ಕೊಂಡ ಬರತಾರ. ನೀ ಗೆರಿ ಅಂಗಿ ಹಾಕ್ಕೊಂಡ ಬಂದಿ’ ಎಂದೆ. ‘ಇಂಥಾ ವಿಚಾರಣೆಗೆ ಹಿಂಗ ಬರತೇವ್ರಿ, ಮಂದಿ ಅಂಜಬಾರದಂತ’ ಎಂದ. ‘ನಾ ಅಂಜಿಲ್ಲ’ ಎಂದೆ. ಕಾರ್ಡು ತೋರಿಸಿದ. ಕಾರ್ಡಿನ ಫೋಟೊದಲ್ಲಿ ಮೀಸೆ ಇತ್ತು, ಇವನಿಗೆ ಇರಲಿಲ್ಲ. ಮೀಸೆ ಇಲ್ಲದವನು ಮೀಸೆ ಇದ್ದವನ ಕಾರ್ಡು ತಂದಿದ್ದಾನೆ ಎಂದು ಮನಸ್ಸಿನಲ್ಲಿ ಬರೆದುಕೊಂಡೆ.

‘ಸ್ನೇಹಲತಾ ಬಾಳಗೌಡ ಪಾಟೀಲ ಅನ್ನಾವ್ರು ನಿಮಗ ಎಷ್ಟ ವರ್ಷದಿಂದ ಗೊತ್ತ್ರಿ?’

‘ಗೊತ್ತ ಇಲ್ಲ.’

‘ಹಂಗ ಅಂದ್ರ?’

‘ಹಂಗ ಅಂದ್ರ ಗೊತ್ತ ಇಲ್ಲ. ನಮ್ಮ ಊರಾಗ ಪಾಟೀಲ್ರು ಓಣಿಗೆ ನಾಕ ಮನಿ ಅದಾರ. ಬಾಳಗೌಡರು ಮೂರ ಮಂದಿ. ಒಬ್ಬಂವಗ ಮಕ್ಕಳಿಲ್ಲ, ಒಬ್ಬಂವಗ ಬರೇ ಗಂಡಮಕ್ಕಳು, ಇನ್ನೊಬ್ಬಂವ ಸತ್ತ ಹನ್ನೆರಡ ವರ್ಷಾತು. ಸ್ನೇಹಲತಾ ಅನ್ನಾಕಿ ಎಲ್ಲಿಂದ ಬರಬೇಕು?’

ಲೆಕ್ಕ ಸರಿಯೇ ಇತ್ತು. ಆದರೆ ಟೇಲರ್ ಬಾಳುವಿಗೆ ಅವನ ತಾಯಿ-ತಂದೆ ಇಟ್ಟ ಪೂರ್ತಿ ಹೆಸರು ಏನು ಎಂದು ನಾನು ಹುಟ್ಟಿದಾಗಿನಿಂದ ವಿಚಾರ ಮಾಡಿರಲಿಲ್ಲ.

‘ಏನ ಮಾಡ್ಯಾಳ ಆಕಿ?’ ಎಂದು ಕೇಳಿದೆ. ‘ಅದನ್ನೆಲ್ಲ ಹೇಳಾಂಗಿಲ್ರಿ, ಗೋಪ್ಯ ಐತಿ’ ಎಂದ. ಗೋಪ್ಯ ಎಂದ ಮೇಲೆ ನನಗೆ ಪೂರ್ತಿ ಖಾತ್ರಿಯಾಯಿತು. ಅವನು ಫೈಲು ತೆಗೆದು ಒಂದು ಕಾಗದ ನನ್ನ ಮೂಗಿನ ಮುಂದೆ ಹಿಡಿದ. ‘ಇದು ನಿಮ್ಮ ಸಹಿ ಅಲ್ಲೇನ್ರಿ?’ ಕನ್ನಡಕ ಹಾಕಿ ನೋಡಿದೆ. ಗೌರವ್ವ. ಕೊನೆಯ ವ್ವ ಬರೆಯುವಾಗ ನನ್ನ ಕೈ ನಿಲ್ಲದೆ ಜಾರಿ, ಹಲ್ಲಿಯ ಬಾಲದ ಹಾಗೆ ಉದ್ದವಾಗುತ್ತದೆ. ಆ ಬಾಲವೂ ಇತ್ತು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಸಹಿಯನ್ನು ಯಾರೋ ಕದ್ದಿದ್ದಾರೆ.

‘ಸಹಿ ನಂದ’ ಎಂದೆ. ‘ಆದ್ರ ಮಾಡಿದಾಕಿ ನಾ ಅಲ್ಲ.’

ಅವನು ಸ್ವಲ್ಪ ಹೊತ್ತು ಪೆನ್ನು ಎತ್ತಿ ಹಿಡಿದು ನನ್ನನ್ನೇ ನೋಡಿದ. ಆಮೇಲೆ ಬರೆದುಕೊಂಡ. ‘ಬರಕೊ’ ಎಂದೆ. ‘ಇನ್ನೊಂದ ಬರಕೊ. ಈ ಸ್ನೇಹಲತಾ ಅನ್ನಾಕಿ ಭಾಳ ಮೋಸಗಾತಿ ಇರಬೇಕು. ಆಕಿನ್ನ ಹುಡಕರಿ. ಮತ್ತ ನೀ ಲಗೂನ ಹೊಂಡು ಇಲ್ಲಿಂದ, ನಮ್ಮಲ್ಲಿ ಖರೇ ಪೊಲೀಸ್ರು ಬರಾವ್ರ ಅದಾರ.’ ಅವನು ಬಾಜೂ ಮನೆಯ ಕೀಲಿ ಹಾಕಿದ ಬಾಗಿಲು ನೋಡಿದ, ಕಾಗದ ನೋಡಿದ, ಗಾಡಿ ಹತ್ತಿ ಹೋದ. ಎದುರಿನ ಕಟ್ಟೆಯಲ್ಲಿ ಶಾಂತಕ್ಕ ಪೇಪರಿನ ಹಾಳೆ ತಿರುವಿದಳು. ಇಡೀ ಮಧ್ಯಾಹ್ನ ನನಗೆ ಹೆಮ್ಮೆಯಿಂದ ನಿದ್ದೆ ಬರಲಿಲ್ಲ.

ಸಂಜೆ ಐದೂವರೆಯ ಬಸ್ಸಿಗೆ ಬೇಬಿ ಇಳಿದು ಬಂದಳು. ಕಟ್ಟೆಯ ಮೇಲೆ ಕೂಡ್ರಿಸಿಕೊಂಡು ಮೊದಲಿನಿಂದ ಹೇಳಿದೆ: ಮೀಸೆ ಇಲ್ಲದ್ದು, ಕಾರ್ಡು, ಕದ್ದ ಸಹಿ, ಮೋಸಗಾತಿ. ಹೇಳುತ್ತ ಹೋದಂತೆ ಅವಳ ಮುಖದ ಬಣ್ಣ ಕಡಿಮೆಯಾಗುತ್ತ ಬಂತು.

‘ಆಯಿ, ಏನ ಮಾಡಿದಿ ಬೇ. ಸ್ನೇಹಲತಾ ಅಂದ್ರ ನಾನ.’

‘ನೀ ಬೇಬಿ.’

‘ಬೇಬಿ ಅಂತ ಜಡ್ಜ್ ಇರತಾರೇನ ಆಯಿ? ಅದು ಮನ್ಯಾಗಿನ ಹೆಸರು. ಸಾಲ್ಯಾಗ ನಾ ಸ್ನೇಹಲತಾ.’

‘ಮೂವತ್ತನಾಕ ವರ್ಷ ಗೋಡಿ ಆಚಿ ಇದ್ದೀ, ಒಂದ ಸಲ ಹೇಳಾಕ ಏನಾಗಿತ್ತ ನಿನಗ?’ ಎಂದೆ. ತಪ್ಪು ನನ್ನದಿದ್ದಾಗ ನಾನು ಸ್ವಲ್ಪ ಜೋರಾಗಿ ಮಾತಾಡುತ್ತೇನೆ. ಬೇಬಿ ಅತ್ತಳು. ಅಳುವವರನ್ನು ನಾನು ಸಮಾಧಾನ ಮಾಡುವುದಿಲ್ಲ. ಮುಗಿಯಲಿ ಎಂದು ಕಾಯುತ್ತೇನೆ. ಮುಗಿದ ಮೇಲೆ ಚಹಾ, ಬಿಸ್ಕೀಟು ಕೊಟ್ಟೆ. ಗುಟುಕರಿಸುತ್ತ ಅವಳು ಹೇಳಿದ್ದು ಇಷ್ಟು: ಪರೀಕ್ಷೆಯಲ್ಲಿ ತಪ್ಪಿದ್ದರೆ ತಡೆದುಕೊಳ್ಳುತ್ತಿದ್ದೆ, ಗೋಡೆಯ ಆಚೆಯ ಆಯಿಗೆ ನಾನು ಯಾರೆಂದು ಗೊತ್ತಿಲ್ಲ ಎಂದು ಜಡ್ಜ್ ನೌಕರಿ ಹೋಯಿತು ಎಂದು ಯಾರ ಮುಂದೆ ಹೇಳಲಿ? ಇನ್ನೊಂದು ಬಿಸ್ಕೀಟು ಕೊಟ್ಟೆ.

ಮರುದಿನ ಅವಳು ಠಾಣೆಗೆ ಹೋಗಿ ಹೆಸರಿನ ಕಥೆ ಹೇಳಿದಳು. ವರದಿ ಇನ್ನೂ ಮೇಲಕ್ಕೆ ಹೋಗಿರಲಿಲ್ಲ. ಹವಾಲ್ದಾರ ಶುಕ್ರವಾರ ಮತ್ತೊಮ್ಮೆ ಬಂದು ಕೇಳುತ್ತಾನೆ, ಆದರೆ ಆ ಹೊತ್ತಿಗೆ ನೀವು ಮನೆಯವರು ಯಾರೂ ಅಲ್ಲಿ ಸುಳಿಯಬಾರದು ಎಂದರಂತೆ. ಆ ನಾಲ್ಕು ದಿನ ನಾನು ಸ್ನೇಹಲತಾ, ಸ್ನೇಹಲತಾ ಎಂದು ಬಾಯಿಪಾಠ ಮಾಡಿದೆ. ನನ್ನ ಬಾಯಿಗೆ ಅದು ಚಲೋ ಕೂಡಲಿಲ್ಲ. ಹೊಸ ಚಪ್ಪಲಿಯ ಹಾಗೆ ಎಲ್ಲೋ ಒಂದು ಕಡೆ ಕಚ್ಚುತ್ತಿತ್ತು.

ಶುಕ್ರವಾರ ಅದೇ ಗೆರೆ ಅಂಗಿ. ಈ ಸಲ ಅವನು ನಗಲಿಲ್ಲ. ಅವನ ನಗೆ ನನ್ನ ಮುಖಕ್ಕೆ ಬಂದಿತ್ತು. ‘ಬರ್ರಿ ಸಾಹೇಬ್ರ, ಕುಂಡ್ರರಿ, ನೀರ ಕುಡೀರಿ’ ಎಂದೆ. ಅವನು ನೀರಿನ ಲೋಟವನ್ನು ಒಮ್ಮೆ ನೋಡಿ ಬದಿಗಿಟ್ಟ.

‘ಹೋದ ಸಲ ಗೊತ್ತಿಲ್ಲ ಅಂದ್ರಿ. ಈಗ?’

‘ಗೊತ್ತೈತ್ರಿ. ಸ್ನೇಹಲತಾ. ಆಕಿ ನಮ್ಮ ಬೇಬಿ. ಆ ಸಹಿನೂ ನಾನ ಮಾಡೇನಿ.’

‘ಯಾರ ಹೇಳಿಕೊಟ್ರ?’

‘ಬೇಬಿನ ಹೇಳಿದ್ಲ್ರಿ’ ಎಂದೆ. ಖರೆ ಹೇಳುವುದರಿಂದ ಕೆಲಸ ಕೆಡುತ್ತದೆ ಎಂದು ಗೊತ್ತಿದ್ದರೂ ಬಾಯಿ ಕೇಳುವುದಿಲ್ಲ. ಅವನು ಉಸಿರು ಬಿಟ್ಟು ಮುಂದಿನ ಪ್ರಶ್ನೆ ಕೇಳಿದ. ‘ಆಕಿ ಮ್ಯಾಲ ಏನರೆ ಅಪರಾಧ, ಕಳವು, ಜಗಳ?’

‘ಕಳವು ಐತಿ’ ಎಂದೆ. ಪೆನ್ನು ನಿಂತಿತು. ‘ಎಂಟ ವರ್ಷದಾಕಿ ಇದ್ದಾಗ ನಮ್ಮ ಹಿತ್ತಲದಾಗಿನ ಪೇರಲ ಹಣ್ಣ ಹರದಾಳ. ಏಳು. ನನಗ ಗೊತ್ತ ಆಗಿದ್ದಿಲ್ಲ, ಮರದಿನ ತಾನ ಬಂದ ಹೇಳಿದ್ಲು. ಜೋಡಿ ಯಾರಿದ್ರ ಅಂತ ಕೇಳಿದೆ. ನಂದಷ್ಟ ಹೇಳತೇನಿ, ಅವ್ರದು ಅವ್ರನ್ನ ಕೇಳು ಅಂದ್ಲು. ಎರಡ ಏಟ ಕೊಟ್ಟೆ, ಹೇಳಲಿಲ್ಲ. ಆಮ್ಯಾಲ ಗೊತ್ತಾತು, ಗಿಡ ಹತ್ತಿದಂವ ನಮ್ಮ ಮಗನ. ಅಂವ ಇನ್ನೂತನಾ ಒಪ್ಪಿಲ್ಲ. ನನಗ ತಿಳದಷ್ಟು ಹೇಳೇನಿ. ಜಡ್ಜ್ ಮಾಡಾಕ ಅಷ್ಟು ಸಾಕೋ ಸಾಲದೋ ನೀವ ನೋಡರಿ.’

ಅವನು ತಲೆ ತಗ್ಗಿಸಿ ಬರೆದ. ಏಳು ಪೇರಲ ಹಣ್ಣನ್ನು ಬರೆದನೋ ಬಿಟ್ಟನೋ ಕಾಣಲಿಲ್ಲ. ಆಮೇಲೆ ನನ್ನ ಆಧಾರ ಕಾರ್ಡು ಕೇಳಿದ. ಸೀರೆಯ ಗಂಟಿನಿಂದ ತೆಗೆದು ಕೊಟ್ಟೆ. ಓದಿದ, ನನ್ನನ್ನು ನೋಡಿದ, ಮತ್ತೆ ಓದಿದ.

‘ಇದರಾಗ ಗೌರಾಬಾಯಿ ಅಂತ ಐತ್ರಿ. ಸಹಿ ಗೌರವ್ವ ಅಂತ ಐತಿ.’

ನನಗೆ ನೆನಪಾಯಿತು. ಕಾರ್ಡಿಗೆ ಫೋಟೊ ತೆಗೆಸುವ ದಿನ ಹೊಸ ಸೀರೆ ಉಟ್ಟಿದ್ದೆ. ಹೆಸರು ಕೇಳಿದಾಗ ಸೀರೆಗೆ ತಕ್ಕ ಹಾಗೆ ಇರಲಿ ಎಂದು ನಾನೇ ಗೌರಾಬಾಯಿ ಎಂದಿದ್ದೆ. ಬೇಬಿಗೆ ಎರಡು ಹೆಸರು ಏಕೆ ಎಂದು ಬೈದವಳು ಸೆರಗಿನಲ್ಲಿ ನನ್ನದೇ ಎರಡನೆಯದನ್ನು ಕಟ್ಟಿಕೊಂಡು ತಿರುಗುತ್ತಿದ್ದೆ.

‘ಮೊದಲ ಸಹಿ ಮಾಡಿಲ್ಲ ಅಂದ್ರಿ. ಆಮ್ಯಾಲ ಮಾಡೇನಿ ಅಂದ್ರಿ. ಈಗ ನೋಡಿದ್ರ ಸಹಿ ಮಾಡಿದಾಕಿ ಬ್ಯಾರೆ, ಕಾರ್ಡಿನಾಕಿ ಬ್ಯಾರೆ’ ಎಂದ ಹವಾಲ್ದಾರ. ಸಿಟ್ಟಿನಿಂದಲ್ಲ, ದಣಿವಿನಿಂದ ಹೇಳಿದ. ‘ಆಕಿ ಗುಣ ನೀವ ಹೇಳತೀರಿ. ನಿಮ್ಮ ಗುಣ ಯಾರ ಹೇಳಬೇಕ್ರಿ?’ ಎಂದು ಸುತ್ತ ನೋಡಿದ. ಓಣಿಯಲ್ಲಿ ಆ ಹೊತ್ತಿಗೆ ಕಂಡ ಮನುಷ್ಯಳು ಒಬ್ಬಳೇ. ‘ಅಕ್ಕಾರ, ಸ್ವಲ್ಪ ಈ ಕಡೆ ಬರತೀರೇನ್ರಿ?’

ಶಾಂತಕ್ಕ ಪೇಪರು ಮಡಿಚಿದಳು. ಎರಡು ಮಡಿಕೆ ಸಾಕಿತ್ತು, ನಾಲ್ಕು ಮಡಿಚಿದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಓಣಿ ದಾಟಿ ನನ್ನ ಕಟ್ಟೆಯ ಕೆಳಗೆ ಬಂದು ನಿಂತಳು. ಬೇಬಿಯ ನೌಕರಿ ಈಗ ಅವಳ ಬಾಯಲ್ಲಿದೆ ಎಂದು ನನಗೆ ಗೊತ್ತಾಯಿತು. ಅವಳಿಗೂ ಗೊತ್ತಾಯಿತು. ಉಪ್ಪಿಟ್ಟಿನ ನೀರು ನನ್ನ ಕಣ್ಣ ಮುಂದೆ ಹರಿಯಿತು.

‘ಈಕಿ ಗೌರವ್ವ ಏನ್ರಿ, ಗೌರಾಬಾಯಿ ಏನ್ರಿ?’

ಶಾಂತಕ್ಕ ಕನ್ನಡಕ ತೆಗೆದು ಒರೆಸಿದಳು. ‘ಎರಡೂ ಈಕಿನ್ರಿ. ಇಂಥಾಕಿ ಊರಾಗ ಇನ್ನೊಬ್ಬಾಕಿ ಇಲ್ಲ. ಒಬ್ಬಾಕಿನ ಸಾಕಾಗ್ಯಾಳ.’

‘ಈಕಿ ಮಾತ ನಂಬಬಹುದಾ?’

‘ನಂಬ್ರಿ. ಒಂದ ಸುಳ್ಳ ಹೇಳಾಕ ಬರತಿದ್ರ ನಾವಿಬ್ರೂ ಇಷ್ಟ ವರ್ಷ ಮಾತ ಬಿಡತಿದ್ದಿಲ್ಲ.’

‘ಮತ್ತ ಹೋದ ಸಲ ಹುಡುಗಿ ಗೊತ್ತ ಇಲ್ಲ ಅಂದಾರಲ್ರಿ?’

‘ಅದೂ ಖರೇನ ಹೇಳ್ಯಾಳ್ರಿ’ ಎಂದಳು ಶಾಂತಕ್ಕ. ‘ಬೇಬಿ ಹೆಸರ ಸ್ನೇಹಲತಾ ಅಂತ ಆಕಿಗೆ ಗೊತ್ತಿದ್ದಿಲ್ಲ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದಾಳ. ಗೊತ್ತಾದ ಮ್ಯಾಲ ಗೊತ್ತು ಅಂದಾಳ. ಎರಡೂ ಸಲ ಖರೆ. ಬೇಬಿ ನಮ್ಮ ಅಂಗನವಾಡ್ಯಾಗ ಕಲತಾಕಿ, ನನ್ನ ಹಾಜರಿ ಪುಸ್ತಕದಾಗ ಬರದೇನಿ, ನನಗ ಗೊತ್ತಿತ್ತು. ನನ್ನ ಯಾರೂ ಕೇಳಲಿಲ್ಲ.’

ಕೊನೆಯ ಮಾತು ಹವಾಲ್ದಾರನಿಗೆ ಹೇಳಿದ್ದಲ್ಲ. ಅವನು ಮಾತ್ರ, ಕೂಸಿನ ಹಟ ಮುಗಿದ ಮೇಲೆ ತಾಯಿಯ ಮುಖ ಆಗುತ್ತದಲ್ಲ, ಹಾಗೆ ಹಗುರಾಗಿ ಅದನ್ನೇ ಬರೆದುಕೊಂಡ. ಮೇಲಿನಿಂದ ಓದಿಸಿದೆ. ಸದರಿಯವರು ಎಂದು ಬಂದಾಗ ಬೆರಳನ್ನು ಮೇಲಕ್ಕೆ ಹತ್ತಿಸಿದೆ. ಸ್ನೇಹಲತಾ ಇದ್ದಳು. ಸಹಿ ಹಾಕಿದೆ. ಶಾಂತಕ್ಕ ತನ್ನ ಸಹಿ ಹಾಕಿ, ನನ್ನ ಕಡೆ ನೋಡದೆ ಓಣಿ ದಾಟಿ ಹೋದಳು. ಹೋಗುವ ಮುಂಚೆ ಹವಾಲ್ದಾರ ಒಂದು ಬುದ್ಧಿ ಹೇಳಿದ: ‘ಆಯಿ, ಆ ಹೆಸರ ಒಂದ ಮಾಡಿಸಿಕೊಳ್ಳರಿ.’ ಆ ಲೋಟದ ನೀರನ್ನೂ ಕುಡಿದು ಹೋದ.

ಎರಡು ತಿಂಗಳ ಮೇಲೆ ಬೇಬಿಯ ಆದೇಶ ಬಂತು. ಈ ಸಲ ಅವಳು ನಾನು ಹೇಳುವ ಮುಂಚೆಯೇ ಮೇಲಿನಿಂದ ಓದಿದಳು. ಓದಿ ಮುಗಿಸಿ, ಗೋಡೆಗೆ ಒರಗಿ, ಇನ್ನೊಂದು ಸಲ ತನ್ನಷ್ಟಕ್ಕೇ ಓದಿಕೊಂಡಳು. ಊರಿಗೆಲ್ಲ ಪೇಢೆ ಹಂಚಿದರು. ನಾನು ಮಾತ್ರ ಆ ಎರಡು ತಿಂಗಳೂ ಎದುರಿನ ಕಟ್ಟೆಯ ಮೇಲೆ ಕಣ್ಣಿಟ್ಟಿದ್ದೆ. ಇಪ್ಪತ್ತು ವರ್ಷದ ಮೇಲೆ ಒಬ್ಬಳು ಸುಮ್ಮನೆ ನನ್ನ ಪರವಾಗಿ ಮಾತಾಡುತ್ತಾಳೆಯೇ? ಏನೋ ಬೇಕಾಗಿದೆ ಇವಳಿಗೆ, ಇವತ್ತಲ್ಲ ನಾಳೆ ನಗುತ್ತ ಬರುತ್ತಾಳೆ ಎಂದು ಕಾದೆ. ಅವಳು ಬರಲಿಲ್ಲ. ಪೇಪರು ಓದುತ್ತಲೇ ಇದ್ದಳು. ಅದರಿಂದ ನನ್ನ ಸಂಶಯ ಹೆಚ್ಚಾಯಿತು.

ಅಷ್ಟರಲ್ಲಿ ನನ್ನ ಕೆಲಸವೇ ಬಂತು. ಹೆಸರು ಒಂದು ಮಾಡಿಸಲು ಹುಕ್ಕೇರಿಗೆ ಹೋದರೆ, ಗೌರವ್ವ ಮತ್ತು ಗೌರಾಬಾಯಿ ಒಬ್ಬಳೇ ಹೆಂಗಸು ಎಂದು ಟೈಪು ಮಾಡಿಕೊಟ್ಟು, ಕೆಳಗೆ ಗೆರೆ ಎಳೆದು, ಇಲ್ಲಿ ನಿಮ್ಮನ್ನು ಬಲ್ಲ ಜವಾಬ್ದಾರಿಯವರೊಬ್ಬರ ಸಹಿ ಬೇಕು, ಸಂಬಂಧಿಕರು ಆಗಬಾರದು ಎಂದರು. ಬೇಬಿ ಅಷ್ಟೊತ್ತಿಗೆ ತರಬೇತಿಗೆ ಹೋಗಿದ್ದಳು. ಮನೆಗೆ ಬಂದು ಗೋಧಿ ಹುಗ್ಗಿ ಮಾಡಿದೆ, ಗಟ್ಟಿಯಾಗಿ, ಚಮಚ ನೆಟ್ಟರೆ ನಿಲ್ಲುವ ಹಾಗೆ. ಬಟ್ಟಲಿಗೆ ಹಾಕಿಕೊಂಡು, ಓಣಿ ದಾಟಿ, ಶಾಂತಕ್ಕನ ಬಾಗಿಲಲ್ಲಿ ನಿಂತು ನಕ್ಕೆ.

ಅವಳು ಪೇಪರಿನಿಂದ ಕಣ್ಣು ಎತ್ತಿ ನನ್ನ ನಗೆ ನೋಡಿದಳು. ಬಟ್ಟಲು ನೋಡಿದಳು.

‘ಏನ ಮೆಂಬರ್ರ, ಎಲ್ಲಿ ಮಾಡಬೇಕ ಸಹಿ?’

ಸೆರಗಿನ ಗಂಟು ಬಿಚ್ಚಿ ಕಾಗದ ತೆಗೆದು ಕೊಟ್ಟೆ. ಅವಳು ಮುಟ್ಟಲಿಲ್ಲ. ‘ಓದು’ ಎಂದಳು. ‘ಮ್ಯಾಲಿಂದ.’ ಓದಿದೆ. ‘ಇನ್ನೊಂದ ಸಲ’ ಎಂದಳು. ಒತ್ತಕ್ಷರಗಳ ಹತ್ತಿರ ನಿಂತು ನಿಂತು ಇನ್ನೊಂದು ಸಲ ಓದಿದೆ. ‘ಸದರಿ ಮಹಿಳೆಯು’ ಎಂದು ಬರುವ ಕಡೆ ಅವಳು ಕೈ ಅಡ್ಡ ಹಿಡಿದಳು.

‘ಯಾರಂವ ಸದರಿ?’

ನಾನು ಬೆರಳನ್ನು ಮೇಲಕ್ಕೆ ಹತ್ತಿಸಿದೆ.

‘ನಾನ’ ಎಂದೆ.